ನೀವು ತೋರಿಸಬೇಕೆಂದಿದ್ದ ಕಲ್ಲಿದ್ದಲ ಗುಡ್ಡಗಳು

ಅಣ್ಣನಲ್ಲದಿದ್ದರೂ ಅಣ್ಣ ಎಂದೇ ಕರೆದು ಅಭ್ಯಾಸವಾದ ಶಾಮಣ್ಣನವರೇ,

ಆಗಸ್ಟಿನ ಒಂದು ಭಾನುವಾರ ವಿಜಯಕ್ಕ ನಿಮ್ಮ ಫೈಲುಗಳನ್ನು ಜೋಡಿಸುತ್ತಿದ್ದಾಗ ಎರಡು ಹಾಳೆ ಸಿಕ್ಕವು. ಕನ್ನಡ ಕೂಟದ ದೀಪಾವಳಿ ಸಂಚಿಕೆಗೆಂದು ನೀವು ಬರೆದಿಟ್ಟಿದ್ದ ಪ್ರವಾಸ ಲೇಖನ. ‘ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗುಡ್ಡಗಳು: ಒಂದು ಪರಿಚಯ.’ ಮೊದಲ ಸಾಲನ್ನು ಅವರು ಫೋನಿನಲ್ಲೇ ಓದಿದರು. ‘ಈ ಪ್ರದೇಶವನ್ನು ಎರಡು ಬಗೆಯಲ್ಲಿ ನೋಡಬಹುದು, ಮೇಲಿನಿಂದ ಮತ್ತು ಒಳಗಿನಿಂದ. ಮೇಲಿನಿಂದ ನೋಡುವವರಿಗೆ ಪಾರ್ಕಿಂಗ್ ಸೌಲಭ್ಯವಿದೆ.’ ಓದಿ ನಕ್ಕರು. ನೀವು ಹೋದ ಆರು ತಿಂಗಳಲ್ಲಿ ಅವರ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. “ರಘು, ನನ್ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?” ಅಂದರು. “ಮದುವೆ ಮಾಡ್ಕೊಂಡು ಬಂದು ಮೊದಲು ಸಂಸಾರ ಹೂಡಿದ್ದು ಅಲ್ಲೇ ಅಲ್ವಾ. ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಇವರ ಕೆಲಸ ಉಳಿಸೋಕೆ ಒದ್ದಾಡಿದವನು ನೀನೊಬ್ಬನೇ.”

ಆ ಕೊನೆಯ ಮಾತಿಗಾಗಿ ಈ ಪತ್ರ. ಅದಕ್ಕೂ ಹಿಂದಿನ ಅಕ್ಟೋಬರಿನ ಒಂದು ಶುಕ್ರವಾರ, ಮಿಷಿಗನ್ನಿನ ವಿಕ್ಸಮ್ಮಿನಲ್ಲಿರುವ ನಮ್ಮ ಆಫೀಸಿನಲ್ಲಿ ಮೇಲಿನವರು ನನ್ನನ್ನು ಒಳಗೆ ಕರೆದು, ನಿನ್ನ ಟೀಮಿನಿಂದ ಸಂಜೆಯೊಳಗೆ ಒಂದು ಹೆಸರು ಕೊಡು ಎಂದರು. ಕಾರು ಕಂಪನಿಗಳೇ ಕುಸಿಯುತ್ತಿದ್ದ ಹೊತ್ತಿನಲ್ಲಿ ಅವುಗಳಿಗೆ ಸೀಟಿನ ಚೌಕಟ್ಟು ಮಾಡಿಕೊಡುವ ನಮ್ಮಂಥವರು ಎಷ್ಟು ದಿನ ನಿಲ್ಲುತ್ತಿದ್ದೆವು? ಪ್ರಶಾಂತ, ಅನಿಲ ಇಬ್ಬರೂ ವೀಸಾದ ಮೇಲಿದ್ದವರು. ಕೆಲಸ ಹೋದರೆ ಅವರು ದೇಶವನ್ನೇ ಬಿಡಬೇಕಿತ್ತು. ನೀವು ಸಿಟಿಜನ್, ಮನೆ ನಿಮ್ಮದೇ, ನಿವೃತ್ತಿಗೆ ಎರಡೇ ವರ್ಷ. ನಮ್ಮವರಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಯೋಚಿಸುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ಹೆಸರು ಬರೆದುಕೊಟ್ಟೆ. ಟೀಮಿನಲ್ಲಿ ನಾಲ್ಕನೆಯವನು ನಾನು, ನನಗೂ ಗ್ರೀನ್ ಕಾರ್ಡ್ ಇತ್ತು. ಅದು ಆಗ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸೋಮವಾರ ನೀವು ನಿಮ್ಮ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾಗ ಪಕ್ಕದಲ್ಲಿ ನಿಂತು, “ನಾನು ಎಷ್ಟೋ ಹೇಳಿ ನೋಡಿದೆ, ಶಾಮಣ್ಣ” ಎಂದೆ. ನೀವು ನನ್ನ ಭುಜ ತಟ್ಟಿದಿರಿ. ನಂಬಿಯೇ ತಟ್ಟಿದ್ದೋ, ಅಥವಾ…

ಡಿಸೆಂಬರಿನಲ್ಲಿ ನಿಮ್ಮ ಡಾಕ್ಟರು ಎದೆಯ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದಾಗ ನೀವು ಅದನ್ನೂ ತಮಾಷೆ ಮಾಡಿದಿರಿ. “ಕಂಪನಿ ಇನ್ಶೂರೆನ್ಸ್ ಹೋಯ್ತಲ್ಲಪ್ಪ. ಅರವತ್ತೈದು ಆಗ್ಲಿ, ಸರ್ಕಾರದ ಮೆಡಿಕೇರ್ ಬರುತ್ತೆ. ಅಲ್ಲಿವರೆಗೆ ಹೃದಯಕ್ಕೆ ಲೀವ್ ಇಲ್ಲ ಅಂತ ಹೇಳಿದೀನಿ.” ನಾವೆಲ್ಲ ನಕ್ಕೆವು. ಫೆಬ್ರವರಿಯಲ್ಲಿ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕುಳಿತವರು ಏಳಲಿಲ್ಲ. ಪರೀಕ್ಷೆ ಮಾಡಿಸಿದ್ದರೆ ಉಳಿಯುತ್ತಿದ್ದಿರಾ? ಗೊತ್ತಿಲ್ಲ. ಗೊತ್ತಿಲ್ಲದಿರುವುದು ನನ್ನ ಪಾಲಿಗೆ ಅನುಕೂಲವೋ ಅಲ್ಲವೋ ಎಂಬುದೂ ಗೊತ್ತಿಲ್ಲ.

ಹೊರಡುವ ಹಿಂದಿನ ದಿನ ಸುಮಾ ಪುಳಿಯೋಗರೆ ಕಲಸುತ್ತಿದ್ದಳು. ‘ಸಸ್ಯಾಹಾರಿಗಳಿಗೆ ಅಲ್ಲಿ ಪ್ರಕೃತಿ ಸೌಂದರ್ಯ ಬಿಟ್ಟು ಬೇರೇನೂ ಸಿಗದು’ ಎಂದು ನೀವು ಎಚ್ಚರಿಸಿದ್ದಿರಲ್ಲ. ವಿಜಯಕ್ಕನಿಗೆ ಹೇಳಿಬಿಡಬೇಕು ಎಂದೆ. ವಿಷಯವನ್ನು ನಾನು ಹೇಳಿದ್ದದ್ದು ಹೆಂಡತಿಯೆಂದು ಅವಳೊಬ್ಬಳಿಗೇ. ಕೈ ನಿಲ್ಲಿಸದೆ ಅವಳು ಕೇಳಿದಳು. “ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಅವರಿಗೆ ಏನಾಗುತ್ತೆ ಯೋಚನೆ ಮಾಡಿದೀರಾ?” ಕಿಟಕಿಯಾಚೆ ನಮ್ಮ ಬಡಾವಣೆಯ ಮೂರು ಹುಲ್ಲುಹಾಸುಗಳ ಮೇಲೆ ಮಾರಾಟದ ಫಲಕಗಳು ಬೇಸಿಗೆಯಿಂದ ಹಾಗೆಯೇ ನಿಂತಿದ್ದವು. ಮನೆ ಮಾರಲಾಗದು, ಕೆಲಸ ಬಿಡಲಾಗದು, ಹೇಳಲಾಗದು, ಹೇಳದೆ ಇರಲಾಗದು. ಒಂದು ಕೋಣೆಗೆ ನಾಲ್ಕೇ ಗೋಡೆ ಸಾಕಲ್ಲವೇ?

ಒಹಾಯೊ ನದಿ ದಾಟಿದ ಮೇಲೆ ರಸ್ತೆ ತಿರುವುಗಳನ್ನು ತೆಗೆದುಕೊಳ್ಳತೊಡಗಿತು. ಮಿಷಿಗನ್ನಿನಲ್ಲಿ ಇಪ್ಪತ್ತು ವರ್ಷ ನೇರ ರಸ್ತೆಯಲ್ಲೇ ಓಡಿಸಿದ ನನಗೆ ಗುಡ್ಡಗಳು ಎರಡೂ ಕಡೆಯಿಂದ ಒತ್ತಿದಂತಾಯಿತು. ವಿಜಯಕ್ಕ ಮುಂದಿನ ಸೀಟಿನಲ್ಲಿ ಕನ್ನಡಕ ಮೂಗಿಗಿಳಿಸಿ ನಿಮ್ಮ ಹಾಳೆಗಳನ್ನು ಓದುತ್ತಿದ್ದರು. ನ್ಯೂ ರಿವರ್ ಎಂಬ ಹೆಸರಿನ ಆ ನದಿ ಲೋಕದ ಅತಿ ಹಳೆಯ ನದಿಗಳಲ್ಲಿ ಒಂದೆಂದು ಹೇಳುತ್ತಾರೆ, ಹೆಸರಿಟ್ಟವರು ಹೊಸಬರಿದ್ದಿರಬೇಕು ಎಂದು ಬರೆದಿದ್ದಿರಿ. ಕಣಿವೆಯ ಮೇಲಿನ ಉಕ್ಕಿನ ಕಮಾನು ಸೇತುವೆ ತಪ್ಪದೆ ನೋಡಿ. ಕಾಡಿನೊಳಗೆ ಸಾಲಾಗಿ ಇರುವ, ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುತ್ತಿದ್ದ ಜೇನುಗೂಡಿನಂಥ ಒಲೆಗಳನ್ನೂ ನೋಡಿ, ಅವುಗಳ ಬಾಯಲ್ಲಿ ಈಗ ಮರ ಬೆಳೆದಿದೆ. ತಲೆ ಕತ್ತರಿಸಿದಂತೆ ಸಪಾಟಾಗಿರುವ ಬೆಟ್ಟ ಕಂಡರೆ ಪ್ರಸ್ಥಭೂಮಿ ಎಂದು ಫೋಟೊ ತೆಗೆಯಬೇಡಿ, ಅದು ಗಣಿ. ಎಕ್ಸಿಟ್ ನಂಬರುಗಳನ್ನೂ ಬರೆದಿದ್ದಿರಿ. ಒಂದೂ ತಪ್ಪಿರಲಿಲ್ಲ.

ನಿಮ್ಮ ಮೊದಲ ಮನೆಯನ್ನು ವಿಜಯಕ್ಕ ರಸ್ತೆಯ ಇಳಿಜಾರಿನಿಂದಲೇ ಗುರುತು ಹಿಡಿದರು. ಗಣಿ ಕಂಪನಿ ತನ್ನ ಕೂಲಿಗಾರರಿಗೆಂದು ಒಂದೇ ಅಳತೆಯಲ್ಲಿ ಕಟ್ಟಿಸಿದ ಮರದ ಮನೆಗಳ ಸಾಲು. ನಿಮ್ಮದು ಈಗ ಪ್ರವಾಸಿಗಳನ್ನು ರಬ್ಬರ್ ದೋಣಿಯಲ್ಲಿ ನದಿಗೆ ಇಳಿಸುವವರ ಆಫೀಸು. ಅಡುಗೆಮನೆಯಲ್ಲಿ ಲೈಫ್ ಜಾಕೆಟ್‌ಗಳು ನೇತಾಡುತ್ತಿದ್ದವು. ಕೌಂಟರಿನ ಹೆಂಗಸು “ಮೂರು ಜನರೇ?” ಎಂದು ಫಾರಂ ಚಾಚಿದಳು. ವಿಜಯಕ್ಕ ಇಂಗ್ಲಿಷಿನಲ್ಲಿ “ಇಲ್ಲಮ್ಮ, ನಾನು ಇಲ್ಲಿ ಆಗಲೇ ಮುಳುಗಿ ಎದ್ದಿದೀನಿ” ಎಂದರು. ನಮ್ಮ ಕಡೆ ತಿರುಗಿ, “ಇಲ್ಲೇ ನೋಡು ಸುಮಾ, ನನ್ನ ಒಲೆ. ಇವರು ಮನೆಗೆ ಬಂದ್ರೆ ಹಲ್ಲು ಮಾತ್ರ ಬೆಳ್ಳಗೆ. ನಮ್ಮಪ್ಪ ಇಂಜಿನಿಯರ್‌ಗೆ ಅಂತ ಕೊಟ್ಟಿದ್ದು, ಮಸಿ ಹಿಡಿದ ಬಾಣಲೆಗೆ ಕೊಟ್ಟ ಹಾಗಿತ್ತು” ಎಂದು ನಕ್ಕರು. ಸುಮಾ ಕೂಡ ನಕ್ಕಳು. ನನ್ನ ಮುಖವೂ ಏನೋ ಮಾಡಿರಬೇಕು.

ಪ್ರವಾಸಿಗಳಿಗೆಂದು ತೆರೆದಿಟ್ಟಿರುವ ಗಣಿಯ ಬಾಯಲ್ಲಿ ಸಣ್ಣ ರೈಲು ಕಾಯುತ್ತಿತ್ತು. ‘ಒಳಗೆ ವರ್ಷವಿಡೀ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಸ್ವೆಟರ್ ತನ್ನಿ.’ ಗಣಿ ಇಂಜಿನಿಯರ್ ಆಗಿ ಏಳು ವರ್ಷ ಒಳಗೇ ದುಡಿದ ನೀವು ಒಳಗಿನ ಬಗ್ಗೆ ಬರೆದದ್ದು ಇಷ್ಟೇ. ಗೈಡ್ ಆಗಿದ್ದವನು ನಿಮ್ಮ ವಯಸ್ಸಿನ ಹಳೆಯ ಗಣಿಗಾರ. ಚಾವಣಿಯನ್ನು ಕೋಲಿನಿಂದ ತಟ್ಟಿ ತೋರಿಸಿದ. ಗಟ್ಟಿ ಇದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ವಿಜಯಕ್ಕ ಕೇಳಿದರು. “ಸಡಿಲ ಇದ್ದ ಕಡೆ ಯಾರನ್ನ ಕಳಿಸ್ತಿದ್ರು?” ಅವನು ಕೆಮ್ಮಿ ನಕ್ಕ. “ಎದುರು ಮಾತಾಡದವನನ್ನ, ಮೇಡಂ. ಮೇಸ್ತ್ರಿಗೆ ಅದೇ ಸುಲಭ.” ವಿಜಯಕ್ಕ ನನ್ನ ತೋಳು ತಟ್ಟಿ ಕನ್ನಡದಲ್ಲಿ ಹೇಳಿದರು. “ಇವರೂ ಹಾಗೇ ಕಣೋ. ಒಂದು ದಿನ ಎದುರು ಮಾತಾಡಿದವರಲ್ಲ.” ಆಮೇಲೆ ಅವನು ಎಲ್ಲ ದೀಪ ಆರಿಸಿದ, ಒಂದು ನಿಮಿಷ, ಕತ್ತಲೆ ಎಂದರೇನು ಎಂದು ತಿಳಿಯಲಿ ಎಂದು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ, ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲವೇನೋ.

ಸೇತುವೆ ಕಾಣುವ ಕಟ್ಟೆಯ ಬಳಿ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಹಳದಿ ಕೆಂಪು ಎಲೆ ನೋಡಲು ಬಂದವರ ಜಾತ್ರೆಯ ನಡುವೆ ಹೇಳಿದೆ. “ವಿಜಯಕ್ಕ, ಶಾಮಣ್ಣನ ಹೆಸರು ಬರ್ಕೊಟ್ಟಿದ್ದು ನಾನೇ.” ಸುಮಾ ಕಣಿವೆಯ ಕಡೆ ತಿರುಗಿಕೊಂಡಳು. ಆ ಕ್ಷಣಕ್ಕೇ ಒಬ್ಬಾತ ಬಂದು ತನ್ನ ಸಂಸಾರದ ಫೋಟೊ ತೆಗೆಯುತ್ತೀರಾ ಎಂದು ನನ್ನ ಕೈಗೆ ಕ್ಯಾಮೆರಾ ಇಟ್ಟ. ತೆಗೆದೆ. ಸೇತುವೆ ಬಂದಿಲ್ಲ, ಇನ್ನೊಂದು ತೆಗೆಯಿರಿ ಎಂದ. ಇನ್ನೊಂದು ತೆಗೆದೆ. ತಿರುಗಿದಾಗ ವಿಜಯಕ್ಕ ಅಲ್ಲೇ ನಿಂತಿದ್ದರು. ವೀಸಾದ ವಿಷಯ, ಹುಡುಗರ ವಿಷಯ ಎಲ್ಲ ಹೇಳಿದೆ. ಪ್ರಶಾಂತನನ್ನೂ ಮಾರ್ಚಿನಲ್ಲಿ ತೆಗೆದರು, ಮೈಸೂರಿಗೆ ಹಿಂತಿರುಗಿದ ಎಂದೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

“ಯಾವತ್ತು ಬರ್ಕೊಟ್ಟೆ?”

“ಶುಕ್ರವಾರ. ಸಂಜೆ ನಾಲ್ಕಕ್ಕೆ.”

“ಅವತ್ತು ನೀನು ನಮ್ಮನೇಲಿ ಊಟ ಮಾಡಿದೆ. ಹಾಗಲಕಾಯಿ ಗೊಜ್ಜು ಮಾಡಿದ್ದೆ. ಎರಡು ಸಲ ಹಾಕಿಸ್ಕೊಂಡೆ.”

ಹೌದು. ಸೌಟು ಹಿಡಿದು ಬಡಿಸಿದ್ದು ನೀವೇ, ಶಾಮಣ್ಣ.

ವಾಪಸು ಹೊರಡುವಾಗ ವಿಜಯಕ್ಕ ಹಿಂದಿನ ಬಾಗಿಲು ತೆರೆದು, “ಸುಮಾ, ನೀನು ಮುಂದೆ ಕೂತ್ಕೊ” ಎಂದರು. ಮಿಷಿಗನ್ ಗಡಿಯ ಟೊಲೀಡೊದವರೆಗೆ ಕನ್ನಡಿಯಲ್ಲಿ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ನನಗೇನೂ ಹಗುರವಾಗಲಿಲ್ಲ. ಸುಮಾ ಅಷ್ಟರ ಮಟ್ಟಿಗೆ ತಪ್ಪು ಹೇಳಿದ್ದಳು.

ಮೂರು ವಾರ ಫೋನಿಲ್ಲ. ಕಳೆದ ಶನಿವಾರ ವಿಜಯಕ್ಕ ತಾವೇ ಕರೆ ಮಾಡಿ, ಮನೆ ಬೆಚ್ಚಗಿಡುವ ಫರ್ನೇಸ್ ಬಿಸಿಗಾಳಿ ಬಿಡುತ್ತಿಲ್ಲ, ಬಂದು ನೋಡು ಎಂದರು. ಹೋದೆ. ಬೇಸ್‌ಮೆಂಟಿಗೆ ಇಳಿದು ಫಿಲ್ಟರ್ ಬದಲಿಸಿ, ಬರ್ನರ್ ಹೊತ್ತಿಸಿ ಮೇಲೆ ಬಂದೆ. ನಲವತ್ತು ನಿಮಿಷವಾಗಿತ್ತು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಇತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನಿಮ್ಮ ಮನೆಯಲ್ಲಿ ನನ್ನನ್ನು ಯಾರೂ ಕಾಫಿ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ಪೇಪರು ತಂದು ಹಾಕುವ ಅಪರಿಚಿತನನ್ನೂ ಬರಿ ಬಾಯಲ್ಲಿ ಕಳಿಸದ ಮನೆ ಅದು. ಬಾಗಿಲ ಬಳಿ ವಿಜಯಕ್ಕ ಹೇಳಿದರು. “ಮುಂದಿನ ಶನಿವಾರ ಸೂರಿನ ಗಟರ್‌ನಲ್ಲಿ ಬಿದ್ದಿರೋ ಎಲೆ ತೆಗೀಬೇಕು. ಏಣಿ ಗ್ಯಾರೇಜಲ್ಲಿದೆ.”

ಬರುತ್ತೇನೆ ಎಂದೆ. ಹೋಗುತ್ತೇನೆ, ಶಾಮಣ್ಣ. ಕಾಫಿ ನಮ್ಮ ಮನೆಯಲ್ಲೇ ಕುಡಿದು ಹೋಗುತ್ತೇನೆ.

ನಿಮ್ಮ
ರಘು