ಇಸೊಬೆಯವರ ಕೊನೆಯ ಪ್ರಶ್ನೆ

ಫೆಬ್ರವರಿ 9, 1985, ಶನಿವಾರ

ಎಂದಿನಂತೆ ನಿಷಿಮುರ ಅವರ ಗ್ರೀನ್‌ಹೌಸು. ಅಂಗಡಿಗೆ ಬಸಳೆ ಹನ್ನೆರಡು ಕಟ್ಟು. ಒಂದು ಸಪೂರವಿತ್ತು—ಹೇಳಿದೆ, ಬದಲಿಸಿ ಕೊಟ್ಟರು. ಸನ್ನಿವೇಲ್‌ನಲ್ಲಿ ಐವತ್ತು ವರ್ಷ ಸೇವಂತಿಗೆ ಬೆಳೆದ ಜಪಾನಿನ ಮುದುಕರು, ಈ ಉಡುಪಿಯವನ ಮಾತಿಗೆ ಮರುಳಾಗಿ ಬಸಳೆ ಹಬ್ಬಿಸಿದ್ದಾರೆ. ಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು. ಶನಿವಾರ ಮಾತ್ರ ಕೇಳುವ ಸರದಿ.

ಇಸೊಬೆ ಕಥೆ ಮುಂದುವರಿಯಿತು. ನೂರಿಪ್ಪತ್ತು ವರ್ಷದ ಹಿಂದೆ ಇವರೂರಿನ ಸಣ್ಣ ಸಂಸ್ಥಾನದಲ್ಲಿ ದಿವಾನರಂತಿದ್ದ ಸಮುರಾಯ್. ಖಜಾನೆ ಖಾಲಿ. ಸಮುರಾಯ್‌ಗಳ ಅಕ್ಕಿ ಸಂಬಳ ಅರ್ಧಕ್ಕಿಳಿಸಿದರು, ತಮ್ಮದನ್ನು ಮೊದಲು. ರೇಷ್ಮೆ ಬಿಟ್ಟು ಹತ್ತಿ ಉಟ್ಟರು. ರೈತರ ಮಕ್ಕಳಿಗೂ ಸಿಡುಬಿನ ದಾಕು ಹಾಕಿಸಿದರು. ಇದನ್ನೆಲ್ಲ ನಿಷಿಮುರ ಅವರ ತಾತ ಬರೆದಿಟ್ಟಿದ್ದರಂತೆ. ಯುದ್ಧದ ವರ್ಷ ಇಲ್ಲಿನ ಜಪಾನೀಯರನ್ನು ಸೆರೆ ಕ್ಯಾಂಪಿಗೆ ಒಯ್ಯುವ ಮೊದಲು, ಜಪಾನಿ ಬರಹ ಸಿಕ್ಕರೆ ಕಷ್ಟವೆಂದು ಹೆದರಿ ಇವರೇ ಒಲೆಗೆ ಹಾಕಿದರು.

“ನೀವು ಬರ್ಕೊಳ್ಳಿ, ವೈಕುಂಠ್ ಸಾನ್. ನಿಮ್ಮ ಭಾಷೇಲೇ.”

“ನಿಮ್ಮ ಮಗ ಗ್ಲೆನ್ ಓದೋದು ಬೇಡ್ವಾ?”

“ನಿಮ್ಮ ಭಾಷೇಲೇ” ಎಂದರು ಮತ್ತೆ.

ಫೆಬ್ರವರಿ 16

ಗ್ಲೆನ್ ಬಂದಿದ್ದ. “ಇಸೊಬೆ ನಮ್ಮ ವಂಶದವ್ರು. ಕಾಸ್ಟ್ ಕಟಿಂಗ್ ಮೀಟಿಂಗಲ್ಲಿ ಬಾಸಿಗೆ ಹೇಳ್ದೆ—ನಮ್ಮ ಹಿರಿಯರು ಮೊದ್ಲು ತಮ್ಮ ಸಂಬಳ ಕಟ್ ಮಾಡ್ಕೊಂಡ್ರು, ಗೊತ್ತಾ ಅಂತ.” ಮುದುಕರು ಬೆನ್ನು ತಿರುಗಿಸಿ ನೀರು ಹಾಕುತ್ತಲೇ ಇದ್ದರು. ಇಸೊಬೆ, ನಿಷಿಮುರ—ಮನೆತನದ ಹೆಸರು ಬೇರೆ ಯಾಕೆಂದು ಕೇಳಲು ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಸುಗುಣಾ: “ಎಂತ ಮಾರಾಯ್ರೆ, ಬಸಳೆ ತರ್ಲಿಕ್ಕೆ ಹೋದವ್ರು ಮಧ್ಯಾಹ್ನಕ್ಕೆ ಬರುದಾ?”

ಮಾರ್ಚ್ 2

ಇಸೊಬೆ ಕಥೆಯ ಕೊನೆ. ಹಿಮ ಬೀಳುವ ಬೆಳಿಗ್ಗೆ. ಸೇತುವೆ. ಕಾವಲಿನವರಿಲ್ಲ—ಖರ್ಚು ಇಳಿಸುವಾಗ ಇಸೊಬೆ ಮೊದಲು ತೆಗೆದದ್ದು ತಮ್ಮ ಕಾವಲನ್ನೇ. ಜೊತೆಗೆ ಕೊಡೆ ಹಿಡಿಯುವವನೊಬ್ಬ. ಕತ್ತಿ ಕಂಡೊಡನೆ ಓಡಿಹೋದ. ಎದುರಿಗೆ ಇಪ್ಪತ್ತೆರಡರ ಸಮುರಾಯ್. ಸಂಬಳ ಅರ್ಧವಾಗಿ ಮನೆಯಲ್ಲಿ ಗಂಜಿಗೂ ಕಷ್ಟ, ಅಪ್ಪ ಹಾಸಿಗೆ ಹಿಡಿದಿದ್ದ. ಇಸೊಬೆ ಗುರುತು ಹಿಡಿದರು. ತಮ್ಮ ಕತ್ತಿ ಮುಟ್ಟಲಿಲ್ಲ. “ಅಪ್ಪನಿಗೆ ಕೆಮ್ಮು ಕಡಿಮೆಯಾಯ್ತಾ?” ಎಂದರಂತೆ. ಅಷ್ಟೇ.

ಪೆನ್ನು ನಿಂತಿತು. ಸುಮ್ಮನಿರಬೇಕಿತ್ತು. ಈ ಬಾಯಿ...

“ಲೆಕ್ಕ ಕೂಡ್ತಿಲ್ಲ, ನಿಷಿಮುರ ಸಾನ್. ಕೊಡೆಯವನು ಓಡಿಹೋದ. ಇಸೊಬೆ ಸತ್ತರು. ಈ ಮಾತು ಕೇಳಿಸ್ಕೊಂಡಿದ್ದು ಯಾರು?”

ಒಣಗಿದ ಎಲೆ ಒಂದೊಂದಾಗಿ ಕಿತ್ತರು.

“ನಮ್ಮ ತಾತ. ಆಗ ಇಪ್ಪತ್ತೆರಡು. ಸಾಯೋ ತನಕ, ಯಾರು ಕೆಮ್ಮಿದ್ರೂ ಎದ್ದು ಹೊರಗೆ ಹೋಗೋರು.”

“ಗ್ಲೆನ್‌ಗೆ ಗೊತ್ತಾ?”

“ಕ್ಯಾಂಪಲ್ಲಿ ಹುಟ್ಟಿದ ಮಗು. ಜ್ಯಾಪ್ ಅಂತ ಸ್ಕೂಲಲ್ಲಿ ಬೈಸ್ಕೊಂಡು, ಹೊಡೆಸ್ಕೊಂಡು ಬರೋನು. ಹೆಮ್ಮೆ ಪಡೋಕೆ ಒಬ್ಬ ಹಿರಿಯ ಬೇಕಿತ್ತು. ಒಳ್ಳೆಯವರನ್ನು ಕೊಟ್ಟೆ.”

ಮಾರ್ಚ್ 23

ಮುದುಕರು ಸೋಮವಾರ ಹೋದರು. ನಿದ್ದೆಯಲ್ಲಿ.

ಬಸಳೆಗೆ ನೀರು ಹಾಕಿ ಬಂದೆ. ಕತ್ತರಿಸಲು ಕೈ ಬರಲಿಲ್ಲ.

ಮೇ 4

ಗ್ಲೆನ್ ಅಂಗಡಿಗೆ ಬಂದ. ನಾಳೆ ಅವರ ಬೌದ್ಧ ಗುಡಿಯಲ್ಲಿ ನಲವತ್ತೊಂಬತ್ತನೇ ದಿನದ ಪ್ರಾರ್ಥನೆ. “ಅಪ್ಪ ಹೇಳಿದ್ದೆಲ್ಲ ನಿಮ್ಮ ಪುಸ್ತಕದಲ್ಲಿದೆ. ನಮಗ್ಯಾರಿಗೂ ಓದೋಕೆ ಬರಲ್ಲ. ನೀವೇ ಓದಿ, ಇಂಗ್ಲಿಷಲ್ಲಿ ಹೇಳಿ. ನನ್ನ ಮಗಳು ಕೇಳ್ಬೇಕು.”

ಸುಗುಣಾಳಿಗೆ ಎಲ್ಲ ಹೇಳಿದೆ. “ನಿಮಗೆ ಸುಳ್ಳು ಹೇಳ್ಲಿಕ್ಕೆ ಕಷ್ಟವಾ? ನಿನ್ನೆಯ ಬದನೆಯನ್ನು ಇವತ್ತಿನದ್ದು ಅಂತ ಮಾರುವವ್ರು.”

“ಅದು ಬದನೆ, ಸುಗುಣಾ.”

ಅವಳು ನಾಳೆಗೆಂದು ನನ್ನ ಟೈ ಹುಡುಕಿ ತೆಗೆದಿಟ್ಟಳು.

ಮೇ 5, ಬೆಳಿಗ್ಗೆ 9

ಟೈ ಕಟ್ಟಿ ಕೂತಿದ್ದೇನೆ. ಪುಸ್ತಕ ಎರಡು ಸಲ ಓದಿದೆ. ಮಗನಿಗೆ ಹೇಳಿ ಎಂದು ಮುದುಕರು ಎಲ್ಲಿಯೂ ಅಂದಿಲ್ಲ. ಹೇಳಬೇಡಿ ಎಂದೂ ಇಲ್ಲ. ಬರೆದಿರಲಿ ಎಂದರು, ಅಷ್ಟೇ.

ಇಸೊಬೆಯ ಪ್ರಶ್ನೆಯ ತನಕ ಓದುವುದು. ಅದನ್ನು ಕೇಳಿಸಿಕೊಂಡವರು ಯಾರೆಂದು ಯಾರಾದರೂ ಕೇಳಿದರೆ, ಹೇಳುವುದು. ಕೇಳದಿದ್ದರೆ...

ಗ್ಲೆನ್ ಬಂದ. ಬಾಗಿಲಲ್ಲಿ ಶೂ ಬಿಚ್ಚುತ್ತಾ ಕೆಮ್ಮುತ್ತಿದ್ದಾನೆ. ಒಂದು ವಾರದಿಂದ ಹೀಗೇ ಅಂತೆ, ಪೊಲನ್ನು—ಹೂವಿನ ಧೂಳು. ಕಡಿಮೆಯಾಯ್ತಾ ಎಂದು ಕೇಳಲು ಬಾಯಿ ತೆರೆದೆ—