ಅಮ್ಮ, ಒಂದು ಕನಸು ಕಾಣಬೇಕು

ದೇಗು, ದಕ್ಷಿಣ ಕೊರಿಯಾ, ಬುಧವಾರ
14 ಮಾರ್ಚ್ 1990

ಅಮ್ಮಾ,

ಫೋನು ಅತ್ತೆಯ ಕೋಣೆಯಲ್ಲಿದೆ, ಅದಕ್ಕೇ ಕಾಗದ. ಓದಿದ ತಕ್ಷಣ ಒಲೆಗೆ ಹಾಕು.

ನಿನ್ನೆ ಡಾಕ್ಟರು ಯಂತ್ರದಲ್ಲಿ ಮಗುವನ್ನು ತೋರಿಸಿದರು. ಹನ್ನೆರಡನೇ ವಾರ. ನನ್ನ ನಡುಬೆರಳಿಗಿಂತ ಚಿಕ್ಕದು, ಆದರೂ ಕೈಬೆರಳುಗಳು ಬಿಡಿಬಿಡಿಯಾಗಿವೆ. ಒಮ್ಮೆ ಬಾಯಿ ತೆರೆಯಿತು. ಹೊಟ್ಟೆಗೆ ಹಚ್ಚಿದ ಮುಲಾಮು ಮಂಜುಗಡ್ಡೆಯಷ್ಟು ತಣ್ಣಗಿತ್ತು, ನಾನು ಮಿಸುಕಾಡುತ್ತಿದ್ದೆ. ಒಳಗೆ ಅದೂ ಕಾಲು ಝಾಡಿಸುತ್ತಿತ್ತು. ಡಾಕ್ಟರು ನಕ್ಕು, "ಥೇಟ್ ಅಮ್ಮನ ಹಾಗೇನೇ ಕಣಮ್ಮ, ಒಂದು ಗಳಿಗೆ ಸುಮ್ನಿರಲ್ಲ" ಎಂದರು.

ಬಾಗಿಲಾಚೆ ಕೂತಿದ್ದ ಅತ್ತೆಗೆ ಕೇಳಿಸಿದ್ದು "ಅಮ್ಮನ ಹಾಗೇನೇ" ಎಂಬುದಷ್ಟೇ. ಗಂಡೋ ಹೆಣ್ಣೋ ಎಂದು ಬಾಯಿಬಿಟ್ಟು ಹೇಳುವುದು ಕಾನೂನಿಗೆ ವಿರುದ್ಧವಲ್ಲವೇ, ಅದಕ್ಕೇ ಇಲ್ಲಿನ ಡಾಕ್ಟರುಗಳು ಅಪ್ಪನ ಹಾಗಿದೆ, ಅಮ್ಮನ ಹಾಗಿದೆ ಎಂದು ಸುಳಿವು ಕೊಡುತ್ತಾರೆ. ಇಷ್ಟು ಬೇಗ ಯಾರಿಗೂ ತಿಳಿಯುವುದಿಲ್ಲ, ಅದು ತಮಾಷೆಯ ಮಾತು ಎಂದು ಗೋಗರೆದೆ. "ನಂಗೆ ಕಿವಿ ಕೇಳಲ್ವಾ? ಮೊದಲ್ನೇದೂ ಹೆಣ್ಣು. ಇನ್ನು ಈ ಕುದುರೆ ವರ್ಷದಲ್ಲಿ ಹುಟ್ಟಿ ಗಂಡನ್ನೇ ತುಳಿಯೋ ಹೆಣ್ಣನ್ನ ಯಾರು ಕಟ್ಕೋತಾರೆ?" ಎಂದರು.

ಮುಂದಿನ ಮಂಗಳವಾರ ಬೇರೊಂದು ಆಸ್ಪತ್ರೆಗೆ ಕರೆದೊಯ್ಯುತ್ತಾರಂತೆ, ತೆಗೆಸಲು. ನಿನ್ನ ಅಳಿಯ ಅನ್ನ ಕಲಸುತ್ತಾ, "ಅಮ್ಮ ಹೇಳ್ದಂಗೆ ಕೇಳು, ನಮಗಿನ್ನೂ ವಯಸ್ಸಿದೆ" ಎಂದರು. ತಲೆ ಎತ್ತಿ ನೋಡಲೂ ಇಲ್ಲ. ನನಗೆ ಭಯವಾಗುತ್ತಿದೆ ಅಮ್ಮಾ. ಕೈಹಿಡಿದು ಎಳೆದರೆ ಬರುವುದಿಲ್ಲ ಎನ್ನುವಷ್ಟು ಗಟ್ಟಿ ನಾನಲ್ಲ, ಅದು ನಿನಗೂ ಗೊತ್ತು.

ಅತ್ತೆ ಯಂತ್ರಕ್ಕಿಂತ ಹೆಚ್ಚಾಗಿ ನಂಬುವುದು ಗಂಡೋ ಹೆಣ್ಣೋ ಎಂದು ಮೊದಲೇ ತಿಳಿಸುವ ಬಸುರಿನ ಕನಸನ್ನು. ಮಗ ಹೊಟ್ಟೆಯಲ್ಲಿದ್ದಾಗ ಕರಿ ಎತ್ತು ಕನಸಿಗೆ ಬಂದದ್ದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ನನಗೆ ಅಂಥ ಕನಸು ಯಾವುದೂ ಬಿದ್ದಿಲ್ಲ. ಬಿತ್ತು ಎಂದು ಈಗ ನಾನು ಹೇಳಿದರೆ ಅವರು ನಂಬುವುದಿಲ್ಲ. ಆದರೆ ಬಸುರಿಯ ತಾಯಿಗೆ ಬಿದ್ದ ಕನಸೂ ನಡೆಯುತ್ತದೆ. ಸೋಮವಾರದೊಳಗೆ ಬಸ್ಸು ಹತ್ತಿ ಬಾ. ಗಂಡುಮಗುವಿನ ಕನಸು ಕಂಡೆ ಎಂದು ಅತ್ತೆಯ ಮುಂದೆ ಕೂತು ಹೇಳು. ಹೇಳುವಾಗ ನನ್ನ ಮುಖ ನೋಡಬೇಡ, ನಾನು ಅತ್ತುಬಿಡುತ್ತೇನೆ.

ಹುಟ್ಟಿದ್ದು ಹೆಣ್ಣಾದರೆ ಬೈಗುಳ ತಪ್ಪಿದ್ದಲ್ಲ. ಇಬ್ಬರೂ ಸೇರಿ ಬೈಸಿಕೊಳ್ಳೋಣ. ಅಷ್ಟರಲ್ಲಿ ಅವಳು ಹುಟ್ಟಿರುತ್ತಾಳೆ.

ನಿನ್ನ ದಾರಿ ಕಾಯುತ್ತಿರುವ
ಯೊನ್‌ಸಿಲ್

ಮರೆತಿದ್ದೆ: ಕಾಡುಹಂದಿ ಬೇಡ. ಅದೂ ಗಂಡಿನ ಕನಸೇ, ಆದರೆ ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಹಂದಿಯ ಕನಸು ಬಿದ್ದದ್ದು ನನ್ನ ಮದುವೆಯ ದಿನವೇ ಅತ್ತೆಯ ಕಿವಿಗೆ ಬಿದ್ದಿದೆ, ಹುಟ್ಟಿದ್ದು ಹೆಣ್ಣೆಂದು ಆಗಲೇ ನಕ್ಕಿದ್ದರು. ಆ ಕನಸು ಕೇಳಿದ ಮೇಲೆಯೇ ಅಜ್ಜಿ ಬಸುರಿಳಿಯಲೆಂದು ನಿನಗೆ ಕುಡಿಸಲು ಕುದಿಸಿಟ್ಟಿದ್ದ ಕಷಾಯವನ್ನು ಹಿತ್ತಲಿಗೆ ಚೆಲ್ಲಿದರು ಎಂದು ಚಿಕ್ಕಮ್ಮ ಹೇಳಿದ್ದಾಳೆ. ಹಂದಿ ನಿಜವಾಗಿ ಬಂದಿತ್ತೋ ಇಲ್ಲವೋ, ನಾನು ಕೇಳುವುದಿಲ್ಲ. ಈ ಸಲ ಹುಲಿ ಅನ್ನು.