ಹಾಡದೆ ಉಳಿದ ಮಂಗಳ

ಕೋಬೆ
೨ ನವೆಂಬರ್ ೨೦೨೫

ಚಿರಂಜೀವಿ ಅಶ್ವತ್ಥನಿಗೆ ನಿನ್ನ ಭಾವ ಶ್ರೀಪಾದನ ಆಶೀರ್ವಾದ.

ತಲುಪಿದ ಕೂಡಲೇ ಬರೆಯುತ್ತೇನೆಂದವನು ಆರು ವಾರ ಸುಮ್ಮನಿದ್ದೆ. ಬೈದುಕೋ. ಹಾರ್ಮೋನಿಯಂ ಕ್ಷೇಮ, ನಾನೂ ಕ್ಷೇಮ. ನಿನ್ನ ತಬಲಾ, ನಿನ್ನ ಮಂಡಿನೋವು ಹೇಗಿವೆ?

ಇಲ್ಲಿಯವರ ಆಪೆರಾ ನಮ್ಮ ಪೌರಾಣಿಕ ನಾಟಕದ ಹಾಗೆಯೇ, ಮಾತಿಗಿಂತ ಹಾಡು ಹೆಚ್ಚು. ಆದರೆ ಹಾರ್ಮೋನಿಯಂಗೆ ನನ್ನನ್ನು ಕರೆಸಿಕೊಂಡು ಈ ಆಪೆರಾ ಕಟ್ಟಿದ ಮೊರಿತಾ ಸಾನ್ ಎಪ್ಪತ್ತು ದಾಟಿದರೂ ಹೊಸ ಕಾಲದವರು. ಅವರ ಹಾಡಿಗೆ ರಾಗವಿಲ್ಲ. ನಾನು ಶ್ರುತಿ ಹಿಡಿದರೆ ಉಳಿದವರೆಲ್ಲ ಅದರಿಂದ ದೂರ ಓಡುತ್ತಾರೆ. ಮೊದಲ ವಾರ, ಯಾರೋ ಬೆಟ್ಟದ ಮೇಲಿಂದ ಪಾತ್ರೆ ಉರುಳಿಸುತ್ತಿದ್ದಾರೆ ಎಂದುಕೊಂಡಿದ್ದೆ. ಕಥೆ ಇಷ್ಟೇ: ಬಂದರಿನಲ್ಲಿ ಒಬ್ಬ ಹೆಂಗಸು ಹಡಗಿಗೆ ಕಾಯುತ್ತಾಳೆ, ಹಡಗು ಬರುವುದಿಲ್ಲ, ಅವಳು ಬಿದ್ದು ಸಾಯುತ್ತಾಳೆ. ಕೊನೆಯ ಸ್ವರ ಅರ್ಧಕ್ಕೆ ನಿಲ್ಲುತ್ತದೆ. ದೀಪ ಆರಿ ಒಂದು ನಿಮಿಷ ಮೌನ. ಅಲ್ಲಿಗೆ ಮುಗಿಯಿತು.

ಹೋದ ಗುರುವಾರ ಪೂರ್ತಿ ತಾಲೀಮು ಇತ್ತು. ಆ ಮೌನದಲ್ಲಿ ನನ್ನ ಕೈ ತಾನಾಗಿ ತಿದಿಗೆ ಹೋಯಿತು, ಬಾಯಿ ಮಂಗಳ ಹಾಡತೊಡಗಿತು. ಎರಡು ಸಾಲು ಮುಗಿಯುವವರೆಗೆ ಯಾರೂ ತಡೆಯಲಿಲ್ಲ. ಸತ್ತು ಬಿದ್ದಿದ್ದವಳು ಎದ್ದು ಕೂತಳು.

ಮೊರಿತಾ ಸಾನ್ ಕೂಗಾಡಲಿಲ್ಲ. ಪಕ್ಕಕ್ಕೆ ಕರೆದು ಕೂರಿಸಿದರು. ಅವರ ಮಾತನ್ನು ನನಗೆ ದಾಟಿಸುವವಳು ಯಾಮಿನಿ, ಮೈಸೂರಿನಿಂದ ಮದುವೆಯಾಗಿ ಬಂದ ಹುಡುಗಿ. ನೂರು ವರ್ಷದ ಹಿಂದೆಯೇ ಅವರ ಹೊಸ ಸಂಗೀತದ ಪೈಕಿಯವರು ಈ ಜಗಳ ತೆಗೆದಿದ್ದರಂತೆ: ಸಾಯುವವಳು ಕಾಲು ಗಂಟೆ ಇಂಪಾಗಿ ಹಾಡುವುದು ಸುಳ್ಳು, ದುಃಖಕ್ಕೆ ಬೆಲ್ಲ ಸವರಿ ಜನರನ್ನು ಮನೆಗೆ ಕಳಿಸಬಾರದು. ನಮ್ಮಲ್ಲಿ ಗದೆಯ ಏಟು ತಿಂದವನೂ ಮೂರು ಪದ ಹಾಡಿಯೇ ಪ್ರಾಣ ಬಿಡುವುದು ನೆನಪಾಗಿ ನನಗೆ ನಗು ಬಂತು.

"ಅಂಕಲ್, ಮುಗೀದೇ ಇರೋದನ್ನ ಮುಗೀತು ಅಂತ ತೋರಿಸಬೇಡಿ ಅಂತಿದಾರೆ," ಎಂದಳು ಯಾಮಿನಿ.

"ಮಂಗಳ ಹಾಡದೆ ಜನರನ್ನ ಎಬ್ಬಿಸಿದ್ರೆ, ಆಟದಲ್ಲಿ ಸತ್ತವರು ಅವರ ಹಿಂದೇನೇ ಮನೆಗೆ ಹೋಗ್ತಾರೆ. ಹಾಗಂತ ಹೇಳಮ್ಮ."

ಅವಳು ಹೇಳಿದಳು. ಅವರು ಒಂದೇ ಮಾತಾಡಿದರು.

"'ಹೋಗಲಿ, ನನಗೂ ಅದೇ ಬೇಕು' ಅಂತಿದಾರೆ ಅಂಕಲ್."

ಇನ್ನೊಮ್ಮೆ ಹಾಡಿದರೆ ನನ್ನನ್ನು ಇಳಿಸಿ ಧ್ವನಿಮುದ್ರಣ ಹಾಕುತ್ತಾರಂತೆ. ಅದನ್ನೂ ತಲೆ ಬಾಗಿಸಿಯೇ ಹೇಳಿದರು. ಇಪ್ಪತ್ತೆರಡಕ್ಕೆ ಮೊದಲ ಪ್ರದರ್ಶನ. ಆ ತಾಲೀಮಿನ ದಿನದಿಂದ ಕೂತಲ್ಲಿ ಕೂರಲಾರೆ. ಬಂದರಿನವರೆಗೆ ನಡೆಯುತ್ತೇನೆ, ವಾಪಸು ಬರುತ್ತೇನೆ, ಕಾಫಿ ಕಾಯಿಸಿ ಕುಡಿಯಲು ಮರೆಯುತ್ತೇನೆ. ನಿನ್ನೆ ಕೊಂಬಿನಿ ಅಂಗಡಿಯಲ್ಲಿ ಬಾಗಿಲ ಗಂಟೆ ಅರ್ಧ ರಾಗದಲ್ಲಿ ನಿಂತಿತು, ಉಳಿದರ್ಧ ನಾನು ಹಾಡಿಬಿಟ್ಟೆ. ಅಂಗಡಿಯವಳು ಗಾಬರಿಯಾಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದಳು, ನಾನೂ ಸುಮಿಮಾಸೆನ್ ಎಂದೆ. ಈ ಬಾಯಿಯನ್ನು ಆ ಒಂದು ನಿಮಿಷ ಹೇಗೆ ಕಟ್ಟಿಹಾಕಲಿ, ಹೇಳು.

ನಿನ್ನ ವೇದವಲ್ಲಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಬೆರಳಿಗೆ ಮುಪ್ಪು ಬಾರದಿರಲಿ.

ನಿನ್ನ ಭಾವ,
ಶ್ರೀಪಾದ

ತಾ.ಕ.: ಮೊರಿತಾ ಅವರಿಗೆ ಹೇಳಿದ್ದು ನಿಜ, ಪೂರ್ತಿ ನಿಜವಲ್ಲ. ನಾಲ್ಕು ವರ್ಷದ ಹಿಂದೆ ಕೆಂಚನಹಳ್ಳಿ ಶಾಲೆಯ ಮೈದಾನದಲ್ಲಿ ನಿನ್ನ ಅಕ್ಕ ಸರಸ್ವತಿ ರಾಣಿಯ ವೇಷದಲ್ಲೇ ಕುಸಿದಳಲ್ಲ, ನೀನು ತಬಲಾ ಬಿಟ್ಟು ಓಡಿದೆ. ನಾನು ಅಭಿನಯವೆಂದುಕೊಂಡು ಪಲ್ಲವಿಯನ್ನು ಇನ್ನೊಂದು ಸಲ ನುಡಿಸಿದೆ. ಚಪ್ಪಾಳೆಯೂ ಬಂತು. ಅವಳ ಉಸಿರು ಹೋದದ್ದು ಆ ಪಲ್ಲವಿಯಲ್ಲಿ. ಅಂದಿನ ಆಟಕ್ಕೆ ಮಂಗಳವಾಗಲಿಲ್ಲ. ಅವಳು ನನ್ನ ಹಿಂದೆಯೇ ಮನೆಗೆ ಬಂದಳು, ಇಲ್ಲಿಗೂ ಬಂದಿದ್ದಾಳೆ. ಅದೇ ಮೈದಾನದಲ್ಲಿ ಮಂಗಳ ಹಾಡಿ ಮುಗಿಸೋಣ ಭಾವ ಎಂದು ವರ್ಷವರ್ಷವೂ ಕೇಳುತ್ತೀಯ. ನಾನಿಲ್ಲದಿದ್ದರೂ ನೀನೇ ಹಾಡಿಬಿಡು ಎಂದು ಬರೆಯಲೆಂದೇ ಈ ಕಾಗದ ಹಿಡಿದೆ. ಈಗ ಬೇಡವೆನಿಸುತ್ತಿದೆ. ಇಪ್ಪತ್ತೆರಡರಂದು ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನೀನೂ ಅಲ್ಲಿ ಹಾಡಬೇಡ. ಇನ್ನೂ ಸ್ವಲ್ಪ ದಿನ ಅವಳು ನನ್ನ ಹಿಂದೆ ಬರಲಿ.